ಎಂಜಿನ್ನಿನ ಹಿಂದಿನ ಹಸಿ ಸುಣ್ಣ

ಸತ್ತವರು ಬಂದು ಸಾಕ್ಷಿ ಹೇಳಿದರು ಎಂದು ಯಾರಾದರೂ ಕತೆ ತೆಗೆದರೆ ಎದ್ದು ಹೋಗುತ್ತಿದ್ದವನು ನಾನು. ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಗುಮಾಸ್ತನಾಗಿದ್ದೆ. ತೂಕ, ತೇವ, ಎಲೆಯ ಬಣ್ಣ ಇಷ್ಟನ್ನೇ ನಂಬಿ ಬದುಕಿದವನು. ದೆವ್ವ ಇದೆ ಎಂದು ಈಗಲೂ ಹೇಳಲಾರೆ. ಆದರೆ ತೊಂಬತ್ತರ ದಶಕದಲ್ಲಿ ಒಂದು ಮಧ್ಯಾಹ್ನ ಕಾಗವಾಡದಲ್ಲಿ ಕಂಡದ್ದನ್ನು ಕಂಡಿಲ್ಲ ಎಂದೂ ಹೇಳಲಾರೆ. ಇನ್ನೊಂದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಆ ದಿನ ನಾನು ಅಲ್ಲಿಗೆ ಹೋದದ್ದು ಒಬ್ಬ ಮನುಷ್ಯನನ್ನು ಮುಳುಗಿಸುವುದಕ್ಕೆ.

ನನ್ನ ಅಣ್ಣ ಬಾಬು, ಮೋಟಾರು ಮೇಸ್ತ್ರಿ. ಚಿಕ್ಕೋಡಿ ಕಡೆಯ ಒಂದು ವಾಡೆಯಲ್ಲಿ ದೇಸಾಯರದೊಂದು ಹಳೆಯ ಓಟದ ಕಾರಿತ್ತು. ಎರಡೇ ಸೀಟು, ಉದ್ದ ಮೂತಿ, ಅಲ್ಯೂಮಿನಿಯಮ್ ಮೈ, ಒಳಗೆ ಮರದ ಚೌಕಟ್ಟು. ವಿಲಾಯತಿಯಲ್ಲಿ ಅಂಥವನ್ನು ಬೆರಳೆಣಿಕೆಯಷ್ಟೇ ಮಾಡಿದ್ದರಂತೆ. ಅಣ್ಣ ಅದನ್ನು ಇಪ್ಪತ್ತು ವರ್ಷ ನೋಡಿಕೊಂಡ.

"ಬಾಬ್ಯಾ, ನಿನಗ ಹೇಣ್ತಿಕಿಂತ ಈ ಗಾಡಿ ಮ್ಯಾಲೇ ಮಾಯಾ ಹೆಚ್ಚ ನೋಡಲೇ" ಎಂದು ದೇಸಾಯರು ನಗುತ್ತಿದ್ದರು.

"ಮತ್ತೇನ್ರಿ ಧಣಿ, ಕೆಟ್ಟ ನಿಂತ್ರೂ ಇದು ಬೈಯೂದಿಲ್ರಿ" ಎನ್ನುತ್ತಿದ್ದ ಅಣ್ಣ.

ಇಂಥ ಕಾರಿನ ಬೆಲೆ ನಿಲ್ಲುವುದು ಅದರ ಹುಟ್ಟಿನ ಮೇಲೆ. ತಯಾರಿಸಿದವರ ದಫ್ತರದಲ್ಲಿ ಬರೆದ ಎಂಜಿನ್ ನಂಬರೂ ಕಾರಿನಲ್ಲಿರುವ ಎಂಜಿನ್ನಿನ ನಂಬರೂ ಒಂದೇ ಆಗಿದ್ದರೆ ಅಸಲಿ. ಇಲ್ಲದಿದ್ದರೆ ಜೋಡಿಸಿದ ಗಾಡಿ. ಹಳೆಯ ನಂಬರು ಓದಲು ಅಣ್ಣನದೊಂದು ರೀತಿಯಿತ್ತು. ತಂಬಾಕಿನ ಜೊತೆ ತಿಕ್ಕುವ ಸುಣ್ಣವನ್ನೇ ಹೆಬ್ಬೆರಳಿನಿಂದ ಲೋಹಕ್ಕೆ ಸವರಿ, ಮೇಲಿನದನ್ನು ಒರೆಸಿಬಿಡುತ್ತಿದ್ದ. ಅಂಕಿಗಳ ತಗ್ಗಿನಲ್ಲಿ ಸುಣ್ಣ ಉಳಿದು, ಸವೆದ ನಂಬರೂ ಬೆಳ್ಳಗೆ ಎದ್ದು ಕಾಣುತ್ತಿತ್ತು. ಅವನ ಎಡ ಹೆಬ್ಬೆರಳು ಬೆಲ್ಟಿಗೆ ಸಿಕ್ಕು ಓರೆಯಾಗಿ ಅರ್ಧ ತುಂಡಾಗಿತ್ತು. ಆ ಮೋಟು ಬೆರಳಿನಿಂದಲೇ ಸವರುತ್ತಿದ್ದ.

ಎಂಬತ್ತರ ದಶಕದ ನಡುವಿನಲ್ಲಿ ಅಥಣಿ ಕಡೆಯ ಜಯವಂತ ಎಂಬ ದಲ್ಲಾಳಿ ಆ ಕಾರನ್ನು ಕೇಳಿಕೊಂಡು ಬಂದ. ಪರೀಕ್ಷೆ ಮಾಡಿಸುತ್ತೇನೆಂದು ಎರಡು ದಿನ ಒಯ್ದು, ತಿರುಗಿ ತಂದು ನಿಲ್ಲಿಸಿದ. ಎಂಜಿನ್ ಮೇಲೆ ಬೇರೆ ನಂಬರಿತ್ತು. "ಅಸಲಿ ಎಂಜಿನ್ ನಿಮ್ಮ ಮೇಸ್ತ್ರಿ ಮಾರ್ಕೊಂಡಾನ್ರಿ. ಇದು ಎಲ್ಲಿದೋ ತಂದ ಕೂಡಿಸ್ಯಾನ" ಎಂದ. ದೇಸಾಯರು ನಂಬಿದರು. ಆಳುಗಳೆಲ್ಲ ನೋಡುತ್ತಿರುವಾಗ ಅಣ್ಣನನ್ನು ಕಳ್ಳ ಎಂದರು. ಕಾರು ಮೋಡಕದ, ಗುಜರಿ ಸಾಮಾನಿನ ಬೆಲೆಗೆ ಜಯವಂತನ ಪಾಲಾಯಿತು. ಅಣ್ಣನ ಗ್ಯಾರೇಜಿಗೆ ಗಾಡಿ ಬರುವುದು ನಿಂತಿತು. ಅವನು ಜಗಳಾಡಲಿಲ್ಲ, ಕುಡಿಯಲಿಲ್ಲ. ಮಾತು ಕಡಿಮೆಯಾಯಿತು, ಊಟ ಕಡಿಮೆಯಾಯಿತು. ಎರಡು ವರ್ಷಕ್ಕೆ ಹೋದ.

ಆಮೇಲೆ ಕೆಲವು ವರ್ಷಕ್ಕೆ ಅದೇ ಜಯವಂತ ನಮ್ಮ ಮನೆಯ ಬಾಗಿಲಿಗೆ ಬಂದ. ಕಾರು ಕೊಳ್ಳಲು ಮುಂಬೈಯಿಂದ ಹಳೆಯ ಗಾಡಿಗಳನ್ನು ಬಲ್ಲ ಹಿರಿಯರೊಬ್ಬರು ಬರುವವರಿದ್ದರು. ಮೊದಲು ಒಯ್ದ ಎರಡು ದಿನದಲ್ಲಿ ಅಸಲಿ ನಂಬರು ಅರೆದು ಸುಳ್ಳು ನಂಬರು ಹೊಡೆಸಿದವನು ಅವನೇ. ಕಾರು ಕೈಗೆ ಬಂದ ಮೇಲೆ ಆ ಸುಳ್ಳು ನಂಬರು ಅರೆದು ಮತ್ತೆ ನಿಜವಾದದ್ದನ್ನೇ ಹೊಡೆಸಿದ್ದ. ಆದರೆ ಎರಡು ಸಲ ಅರೆದ ಜಾಗ ತಗ್ಗಾಗಿತ್ತು. ಮುಂಬೈಯವರು ಫೋಟೊದಲ್ಲೇ ಅನುಮಾನಪಟ್ಟು, ಗಾಡಿ ನೋಡಿಕೊಂಡವರ ಕಡೆಯ ಒಬ್ಬರು ಮುಂದೆ ನಿಂತು ಹೇಳಬೇಕು ಎಂದಿದ್ದರು.

"ನಿಮ್ಮ ಅಣ್ಣನ ಕೈ ಬಂಗಾರದ್ದಿತ್ತ ಬಿಡ್ರಿ. ಎಂಜಿನ್ ಮೊದಲಿಂದನ ಐತಿ ಅಂತ ನೀವೊಂದ ಮಾತ ಹೇಳಿದ್ರ ಸಾಕು" ಎಂದ.

ಒಳಗಿನಿಂದ ಅಣ್ಣನ ಹೆಂಡತಿ, ನಮ್ಮ ವೈನಿ, ಕೇಳಿದರು: "ಬಂಗಾರದ ಕೈಯಾಂವಗ ಕಳ್ಳ ಅಂದಾಂವ ಯಾರೋಪಾ?"

"ಹಳೀ ಮಾತ ಯಾಕ್ರಿ ಅಕ್ಕಾರ…"

ಅವನಿಗೆ ನಾವು ನೀರನ್ನೂ ಕೊಡಲಿಲ್ಲ. ಅವನು ಹೋದ ಮೇಲೆ ವೈನಿ ನನ್ನೆದುರು ಬಂದು ಕುಳಿತರು. "ಹೋಗು. ಗಾಡಿ ಖೋಟಾ ಐತಿ ಅಂತ ಹೇಳಿ ಬಾ. ಮುಳುಗಲಿ."

"ಹಂಗಂದ್ರ ಅಣ್ಣಾ ಎಂಜಿನ್ ಮಾರಿದ್ದು ಖರೆ ಅಂದಂಗ ಆಗ್ತೈತಿ, ವೈನಿ."

"ಸತ್ತಾವ್ರಿಗಿ ಹತ್ತೂ ಹೊಲಸೆಲ್ಲಾ ಹತ್ತೇತಿ. ಅಂವಂಗೂ ಹತ್ತಲಿ" ಎಂದರು.

ನಿಜ ಹೇಳಿದರೆ ಅಣ್ಣನನ್ನು ಕೊಂದವನು ಶ್ರೀಮಂತನಾಗುತ್ತಾನೆ. ಸುಳ್ಳು ಹೇಳಿದರೆ ಅಣ್ಣ ಎಂದೆಂದಿಗೂ ಕಳ್ಳನಾಗುತ್ತಾನೆ. ಅರೆದವನು ಜಯವಂತನೇ ಎನ್ನಲು ನನ್ನ ಬಳಿ ಪುರಾವೆ ಇರಲಿಲ್ಲ. ಕಾಗವಾಡದ ಬಸ್ಸಿನಲ್ಲಿ ಕುಳಿತಾಗ ನಾನು ಸುಳ್ಳನ್ನೇ ಆರಿಸಿಕೊಂಡಿದ್ದೆ. ಅಣ್ಣನ ಸುಣ್ಣದ ಡಬ್ಬಿಯನ್ನು ಜೇಬಿನಲ್ಲಿಟ್ಟುಕೊಂಡಿದ್ದೆ.

ಕಾರು ಒಂದು ಹಳೆಯ ಬೆಲ್ಲದ ಗೋದಾಮಿನಲ್ಲಿತ್ತು. ಜಯವಂತ ನಮ್ಮೆದುರಿಗೇ ಬೀಗ ತೆಗೆದ. ಒಳಗೆ ಹೋದವರು ಮೂವರೇ: ಅವನು, ಮುಂಬೈಯ ಆ ಹಿರಿಯರು, ನಾನು. ಹೊರಗೆ ಕಣ್ಣು ಕುಕ್ಕುವ ಬಿಸಿಲು. ನಾನು ಬಾನೆಟ್ ಎತ್ತಿ, ಮುಂದಿನ ನಂಬರಿನ ಮೇಲೆ ಮಾತ್ರ ಸುಣ್ಣ ಸವರಿ ಒರೆಸಿದೆ. ಅಂಕಿಗಳು ಎದ್ದವು, ಸುತ್ತಲೂ ಅರದ ಗೀರುಗಳೂ ಎದ್ದವು. ಇದು ಆ ಎಂಜಿನ್ ಅಲ್ಲ ಎನ್ನಲು ಬಾಯಿ ತೆರೆದೆ.

ಅಷ್ಟರಲ್ಲಿ ಹಿರಿಯರು ಬ್ಯಾಟರಿಯ ಬೆಳಕು ಹಿಡಿದು ಬಗ್ಗಿದವರು, "ಅಲ್ಲಿ ಹಿಂದೆ ಯಾಕೆ ಹಚ್ಚಿದಿರಿ?" ಎಂದು ಮರಾಠಿಯಲ್ಲಿ ಕೇಳಿದರು.

ನಾನು ಹಿಂದೆ ಕೈ ಹಾಕಿಯೇ ಇರಲಿಲ್ಲ. ಬಗ್ಗಿ ನೋಡಿದೆ. ಎಂಜಿನ್ನಿನ ಹಿಂಭಾಗದಲ್ಲಿ, ಗೇರ್‌ಬಾಕ್ಸ್ ಕೂಡುವ ಅಂಚಿನಲ್ಲಿ, ಎಷ್ಟೋ ವರ್ಷದ ಜಿಡ್ಡು ಅಂಗೈಯಗಲ ಒರೆಸಿಹೋಗಿತ್ತು. ಅಲ್ಲಿ ಸುಣ್ಣ ಸವರಿತ್ತು. ಹಸಿ ಸುಣ್ಣ; ಬೆಳಕಿಗೆ ಮಿರುಗುತ್ತಿತ್ತು. ಅದರ ನಡುವೆ ಸಣ್ಣ ಅಂಕಿಗಳಲ್ಲಿ ಅದೇ ನಂಬರು, ಯಾರೂ ಮುಟ್ಟದ್ದು. ಸವರಿದ ಗುರುತು ಮುಗಿಯುವ ಕಡೆ ಒಂದು ಹೆಬ್ಬೆರಳು ಒತ್ತಿದಂತಿತ್ತು. ಓರೆಯಾದ, ಅರ್ಧ ಬೆರಳು.

ಹಿರಿಯರು ಜೇಬಿನಿಂದ ಕಾಗದ ತೆಗೆದು ನಂಬರು ತಾಳೆ ನೋಡಿದರು. "ತಯಾರಿಸಿದವರು ಇನ್ನೊಂದು ಕಡೆಯೂ ನಂಬರು ಹೊಡೆಯುತ್ತಿದ್ದರೆಂದು ಕೇಳಿದ್ದೆ, ಎಲ್ಲೆಂದು ಗೊತ್ತಿರಲಿಲ್ಲ" ಎಂದರು. ಆಮೇಲೆ ಜಯವಂತನ ಕಡೆ ತಿರುಗಿ, "ಎಂಜಿನ್ ಅಸಲಿ. ಹಾಗಾದರೆ ಅಸಲಿ ನಂಬರನ್ನು ಎರಡು ಸಲ ಅರೆದವರು ಯಾರು? ಯಾಕೆ?" ಎಂದು ಕೇಳಿದರು.

ಅವನ ಬದಲು ಉತ್ತರ ಕೊಟ್ಟವನು ನಾನು. ವಾಡೆಯ ಅಂಗಳದಿಂದ ಅಣ್ಣನ ಮಣ್ಣಿನವರೆಗೆ ಎಲ್ಲ ಹೇಳಿದೆ. ಹಿರಿಯರು ಕಾಗದ ಮಡಚಿದರು. "ಇದನ್ನು ಮಾಡಿದವನು ಇನ್ನೇನೇನು ಮಾಡಿದ್ದಾನೋ, ಅವನ ಕೈಯಿಂದ ನಾನು ಕೊಳ್ಳುವುದಿಲ್ಲ" ಎಂದು ಹೊರಗೆ ನಡೆದರು. ಆ ವ್ಯವಹಾರದವರು ನಾಲ್ಕೇ ಜನ, ಮಾತು ಹಬ್ಬಿತು. ಜಯವಂತನ ಬಳಿಗೆ ಮತ್ತೆ ಯಾರೂ ಬರಲಿಲ್ಲ. ದೇಸಾಯರು ಒಮ್ಮೆ ನಮ್ಮ ಓಣಿಯವರೆಗೆ ಬಂದಿದ್ದರು. ವೈನಿ ಬಾಗಿಲು ತೆಗೆಯಲಿಲ್ಲ.

ನಾನು ಎಲ್ಲ ರೀತಿಯಿಂದಲೂ ಯೋಚಿಸಿದ್ದೇನೆ. ಗೊತ್ತಿಲ್ಲದೆ ನಾನೇ ಸವರಿದೆನೇ? ನನ್ನ ಕೈ ಮೊಳಕೈವರೆಗೆ ತೂರಿದರೂ ಆ ಜಾಗ ಮುಟ್ಟುತ್ತಿರಲಿಲ್ಲ. ಅಂದೇ ತೂರಿಸಿ ನೋಡಿದೆ. ಅಣ್ಣ ಬದುಕಿದ್ದಾಗ ಸವರಿದ್ದರೆ ಸುಣ್ಣ ಇಷ್ಟು ವರ್ಷ ಹಸಿಯಾಗಿರುವುದಿಲ್ಲ. ಅವನಿಗೆ ಆ ಜಾಗವೂ ಗೊತ್ತಿರಲಿಲ್ಲ. ಗೊತ್ತಿದ್ದರೆ ದೇಸಾಯರ ಎದುರಿಗೇ ತೋರಿಸುತ್ತಿದ್ದ. ಜಯವಂತ ತನ್ನ ಕುತ್ತಿಗೆಗೆ ತಾನೇ ಹಗ್ಗ ಹಾಕಿಕೊಳ್ಳುವವನಲ್ಲ. ಇದಕ್ಕಿಂತ ಮುಂದೆ ನನ್ನ ಬುದ್ಧಿ ಹೋಗುವುದಿಲ್ಲ.

ಆ ಸಂಜೆ ಮನೆಗೆ ಬಂದು ವೈನಿಗೆ ಎಲ್ಲವನ್ನೂ ಹೇಳಿದೆ. ಬೆರಳಿನ ಗುರುತಿನ ಮಾತು ಬಂದಾಗಲೂ ಅವರು ಬೆರಗಾಗಲಿಲ್ಲ, ಅಳಲಿಲ್ಲ. ಕೊನೆಗೆ ಒಂದೇ ಕೇಳಿದರು:

"ಅವನ ಮಾರಿ ಹೆಂಗಾತು?"

ಜಯವಂತನ ಮುಖದ ಬಣ್ಣ ಹೋದದ್ದು, ತುಟಿ ಒಣಗಿದ್ದು, ಬೀಗದ ಕೈ ಕೆಳಗೆ ಬಿದ್ದರೂ ಎತ್ತಿಕೊಳ್ಳದೆ ನಿಂತದ್ದು ಎಲ್ಲ ಹೇಳಿದೆ. ವೈನಿ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡರು.

"ಇನ್ನೊಮ್ಮೆ ಹೇಳು" ಎಂದರು.