ಮಲ್ಲಿಗೆಗೆ ಮೇವು ಕಲಸಿದ ಮೌಲಾಬಿ

"ಮೌಲಾಬಿ ಮನ್ಯಾಗ ಮಂದಿಗಿ ಅಂಬಲಿ, ಕುದರಿಗಿ ಹುಗ್ಗಿ." ಓಣಿಯವರು ಕಟ್ಟಿದ ಮಾತು ಇದು. ಎದುರು ಮನೆಯ ಸಾವಕ್ಕ ಇನ್ನೂ ಒಂದು ಹೆಜ್ಜೆ ಮುಂದೆ. "ಗಂಡ ಸತ್ತ ಮ್ಯಾಲ ಕೈಯಾನ ಬಳಿ ತಗದ್ಲು, ಖರೇ. ಆದ್ರ ದಿನಾ ಮುಂಜಾನಿ ಆ ಲಾಯದಾಗ ಬಳಿ ಝಣಝಣ ಅಂತಾವಲ್ಲ, ಅವು ಯಾರ ಸಲುವಾಗಿ?" ಎಂದು ಕೇಳಿ, ತಾನೇ "ಕುದರಿ ಸಲುವಾಗಿ ರೀ!" ಎಂದು ಉತ್ತರ ಕೊಟ್ಟು ನಗುವವಳು.

ಸಾವಕ್ಕ ಸುಳ್ಳು ಹೇಳುತ್ತಿರಲಿಲ್ಲ. ಅದು ಹಳೇ ಹುಬ್ಬಳ್ಳಿ, ಮೂವತ್ತರ ದಶಕ. ಸ್ಟೇಶನ್ನಿಗೆ ಹೋಗಲಿ, ಧಾರವಾಡದ ಕೋರ್ಟಿಗೆ ಹೋಗಲಿ, ಟಾಂಗಾ ಬಿಟ್ಟರೆ ಗತಿಯಿಲ್ಲದ ಕಾಲ. ಮೌಲಾಬಿಯ ಗಂಡ ಶಾಬುದ್ದೀನ ಅರಳೆ ವ್ಯಾಪಾರಿ ಗುರುಸಿದ್ದಯ್ಯನವರ ಟಾಂಗಾ ಹೊಡೆಯುತ್ತಿದ್ದ. ಅಯ್ಯನವರ ಬಿಳಿ ಕುದುರೆ ಮಲ್ಲಿಗೆಯನ್ನು ಕಟ್ಟುತ್ತಿದ್ದದ್ದು ಶಾಬುದ್ದೀನನ ಹಿತ್ತಿಲಿನ ಲಾಯದಲ್ಲಿ. ಮೇವು ಹಾಕುವುದು ಮೌಲಾಬಿಯ ಕೆಲಸ. ಮಲ್ಲಿಗೆ ಮರಿಯಾಗಿ ಬಂದಾಗಿನಿಂದ ಕೈತುಂಬ ಹಸಿರು ಬಳೆ ಇಟ್ಟುಕೊಂಡು ಕಾಳು ಕಲಸುತ್ತಿದ್ದಳಲ್ಲ, ಆ ಸದ್ದಿಗೆ ಕುದುರೆ ಒಗ್ಗಿಹೋಯಿತು. ಮುಂದೆ ಶಾಬುದ್ದೀನ ಮೂರು ದಿನದ ಜ್ವರದಲ್ಲಿ ಹೋದ. ಮೌಲಾಬಿ ಬಳೆ ತೆಗೆದಿಟ್ಟಳು. ಮಲ್ಲಿಗೆ ಎರಡು ದಿನ ಮೇವಿನ ಗೋದಲಿಗೆ ಬಾಯಿ ಹಾಕಲಿಲ್ಲ. ಮೂರನೆಯ ದಿನ ಅವಳು ಆರು ಬಳೆಗಳನ್ನು ಸೆಣಬಿನ ಹುರಿಗೆ ಪೋಣಿಸಿ, ಕುದುರೆಯ ಕಿವಿಯ ಹತ್ತಿರ ಅಲ್ಲಾಡಿಸಿದಳು. ಕುದುರೆ ತಲೆ ತಗ್ಗಿಸಿ ತಿಂದಿತು. ಅಂದಿನಿಂದ ಆ ಬಳೆಗೊಂಚಲು ಲಾಯದ ಗೂಟಕ್ಕೆ.

ಟಾಂಗಾದ ಲಗಾಮು ಶಾಬುದ್ದೀನನ ತಮ್ಮ ಕಮರುದ್ದೀನನ ಕೈಗೆ ಬಂತು. ಮೌಲಾಬಿ ಸೊಸೆಯಾಗಿ ಬಂದಾಗ ಅವನಿಗೆ ನಾಲ್ಕು ವರ್ಷ. ಅವಳೇ ತುತ್ತು ಮಾಡಿ ಉಣಿಸಿದವಳು. ಮನೆಯಲ್ಲಿ ಉಳಿದದ್ದು ಇಬ್ಬರು ಹೆಂಗಸರು, ಒಬ್ಬ ಗಂಡಸು: ಅತ್ತೆ ಹುಸೇನಬಿ, ಮೌಲಾಬಿ, ಕಮರುದ್ದೀನ.

ಸುಗ್ಗಿ ಮುಗಿದ ಮೇಲೆ ಟಾಂಗಾದವರ ಶರ್ಯತ್ತು ನಡೆಯುತ್ತಿತ್ತು. ಉಣಕಲ್ಲ ಕೆರೆಯ ದಂಡೆಯಿಂದ ಹೊರಟು ಧಾರವಾಡ ಮುಟ್ಟಬೇಕು. ಬರೀ ಜೋರಾಗಿ ಓಡಿದರೆ ಆಗಲಿಲ್ಲ. ಕುದುರೆ ಕುಕ್ಕುಲೋಟದಲ್ಲೇ ಹೋಗಬೇಕು, ನಾಲ್ಕೂ ಕಾಲು ಎತ್ತಿ ನಾಗಾಲೋಟಕ್ಕೆ ಬಿತ್ತೋ, ಆ ಟಾಂಗಾ ಅಲ್ಲಿಗೇ ಹೊರಗೆ. ಕಸುವೂ ಬೇಕು, ಸಮಾಧಾನವೂ ಬೇಕು. ಮಲ್ಲಿಗೆಯ ಹತ್ತಿರ ಎರಡೂ ಒಟ್ಟಿಗೆ ಇರುತ್ತಿರಲಿಲ್ಲ. ಹೆಸರು ಮಲ್ಲಿಗೆ, ಗುಣ ಬ್ಯಾಡಗಿ ಮೆಣಸಿನಕಾಯಿ. ಒಂದು ವರ್ಷ ಕಡಲೆ ತಿನ್ನಿಸಿ ಬಿಟ್ಟರು. ಭೈರಿದೇವರಕೊಪ್ಪ ಬರುವುದರೊಳಗೆ ತನ್ನ ನೆರಳಿಗೆ ತಾನೇ ಬೆದರಿ ನಾಗಾಲೋಟ ಕಿತ್ತಿತು. ಮರುವರ್ಷ ಕಡಲೆ ಬಿಡಿಸಿ ಬರೀ ಹುಲ್ಲು, ತೌಡು. ಆಗ ಆಕಳಿನಂಥ ಕುದುರೆ. ನವಲೂರ ಮುಟ್ಟುವಾಗ ಎಲ್ಲರಿಗಿಂತ ಹಿಂದೆ. ರಸ್ತೆ ಬದಿ ಪೇರಲಹಣ್ಣು ಮಾರುವ ಹೆಂಗಸರು, "ಏ ಕಮರೂ, ಇಳದು ನೀನ ಜಗ್ಗೋ! ಅದನ್ನ ಟಾಂಗಾದಾಗ ಕುಂದರಸು!" ಎಂದು ಕೂಗಿದರು.

ಗುರುಸಿದ್ದಯ್ಯನವರು ಸಿಟ್ಟಿನ ಮನುಷ್ಯರಲ್ಲ, ಆದರೆ ಆಡಿದ ಮಾತು ತಪ್ಪುವವರೂ ಅಲ್ಲ. "ಮೌಲಾಬಿ, ಮುಂದಿನ ವರ್ಷನೂ ಹಿಂಗಾದ್ರ ನಾ ಇದನ್ನ ಇಟಗೊಳ್ಳಾಂವಲ್ಲ. ಮಾರಿಬಿಡತೇನಿ" ಎಂದರು.

ಮೌಲಾಬಿಗೆ ಅನ್ನ ಸೇರಲಿಲ್ಲ. ಗಂಡನ ಕೈಲಿ ಬೆಳೆದ ಕುದುರೆ. ಮಕ್ಕಳಿಲ್ಲದವಳ ಮನೆಯಲ್ಲಿ ಅವಳ ದನಿ ಕೇಳಿದರೆ ಕಿವಿ ನಿಮಿರಿಸುವ ಜೀವ ಅದೊಂದೇ. ಹುರುಳಿ ಬೇಯಿಸಿ ನೋಡಿದಳು. ಉಷ್ಣವಾಗಿ ಕುದುರೆ ಗೋಡೆ ಒದೆಯಿತು. ಜವೆಗೋಧಿ ನೆನೆಹಾಕಿ ಕೊಟ್ಟಳು. ತಕ್ಕಮಟ್ಟಿಗೆ ಆಯಿತು, ರಾಯಾಪುರದ ತನಕ. ಬೆಲ್ಲ ಹಾಕಿದಳು, ಅರ್ಧ ತಾಸು ಕುಣಿತ, ಆಮೇಲೆ ಜೋಲು ಮುಖ.

ಒಂದು ದಿನ ದೀಪದೆಣ್ಣೆ ತರಲು ಗಾಣದ ಗಂಗಪ್ಪನಲ್ಲಿಗೆ ಹೋದಳು. ಗಾಣದ ಎತ್ತು ಮುಂಜಾನೆಯಿಂದ ಸುತ್ತುತ್ತಿದೆ, ಮೈ ಮಿರಿಮಿರಿ ಹೊಳೆಯುತ್ತಿದೆ, ಹೆಜ್ಜೆ ಜೋರಾಗುವುದೂ ಇಲ್ಲ, ಮೆಲ್ಲಗಾಗುವುದೂ ಇಲ್ಲ. ಮೌಲಾಬಿ ಎಣ್ಣೆಯನ್ನು ಮರೆತು ಎತ್ತನ್ನು ನೋಡುತ್ತ ನಿಂತಳು.

"ಗಂಗಪ್ಪಣ್ಣಾ, ಇದಕ್ಕೇನ ತಿನಸ್ತಿ?"

"ಅಗಸಿ ಹಿಂಡಿ ತಿನಸ್ತೇನಿ. ಅದರ ಮ್ಯಾಲ ಎರಡ ಬೈಗಳಾ."

"ಬೈಗಳಾ ನಮ್ಮ ಮನ್ಯಾಗ ಭಾಳ ಅದಾವ. ಅಗಸಿ ಒಂದ ಸೇರು ಕೊಡು."

ಮನೆಗೆ ಬರುತ್ತ ದಾರಿಯುದ್ದಕ್ಕೂ ಅವಳಿಗೆ ಒಂದೇ ಲೆಕ್ಕ: ಕಡಲೆಯದು ಒಣಗರಿ ರವದಿಯ ಬೆಂಕಿ, ಭುಗ್ಗೆಂದು ಎದ್ದು ಹಾರಿಹೋಗುತ್ತದೆ. ಎಣ್ಣೆಕಾಳಿನದು ಸಗಣಿ ಕುಳ್ಳಿನ ಬೆಂಕಿ, ಬೂದಿಯೊಳಗೆ ಕೂತು ದಿನವಿಡೀ ಕಾಯುತ್ತದೆ. ಕುದುರೆಗೆ ಬೇಕಾದದ್ದು ಕುಳ್ಳಿನ ಬೆಂಕಿ.

ಅಗಸೆಯನ್ನು ಹಸಿಯಾಗಿ ಕೊಡುವ ಹಾಗಿಲ್ಲ. ಮುಚ್ಚಳ ತೆಗೆದು, ಕಾಳೊಡೆದು ಲೋಳೆಯಾಗುವ ತನಕ ಕುದಿಸಿದಳು. ಆರಿದ ಮೇಲೆ ಗೋಧಿ ತೌಡು, ನೆನೆದ ಜವೆಗೋಧಿ, ಒಂದು ಚಿಟಿಕೆ ಉಪ್ಪು ಹಾಕಿ ಕಲಸಿದಳು. ಮೊದಲ ದಿನ ಒಂದು ಬೊಗಸೆ, ವಾರದ ಮೇಲೆ ಎರಡು. ಆದರೆ ಹೊಟ್ಟೆ ತುಂಬ ಒಣಹುಲ್ಲು ಮೇಯದೆ ಕಾಳಿಲ್ಲ. ಮಧ್ಯಾಹ್ನ ಯಮನಪ್ಪ ಎಂಬವನ ತೋಟದಿಂದ ತಂದ ಕುದುರೆ ಮಸಾಲೆ ಎಂಬ ಮೇವಿನ ಸೊಪ್ಪು, ಅದೂ ಬಾಡಿಸಿ. ಒಂದು ತಿಂಗಳು ಏನೂ ಕಾಣಲಿಲ್ಲ. ಎರಡನೆಯ ತಿಂಗಳು ರೋಮ ಹೊಳೆಯತೊಡಗಿತು. ಮೂರನೆಯ ತಿಂಗಳು ಕಮರುದ್ದೀನ ಧಾರವಾಡದಿಂದ ಬಂದವನೇ ಟಾಂಗಾದಿಂದ ಜಿಗಿದ.

"ಭಾಭಿ! ಹೋಗೂ ಮುಂದ, ಬರೂ ಮುಂದ, ಒಂದ ನಡಿಗಿ! ಲಗಾಮ ಎರಡ ಬಟ್ಟಿನ್ಯಾಗ ಹಿಡದಿದ್ದೆ. ಎದುರಿಗಿ ಮೋಟಾರ ಬಂದು ಪೋಂ ಅಂತು. ಮಲ್ಲಿಗಿ ಒಂದ ಕಿವಿ ಹೊರಳಿಸಿ 'ಹೋಗಲೇ' ಅಂದಂಗ ಮಾಡ್ತು!"

ಮೌಲಾಬಿ ನಕ್ಕಳು. ಗಂಡ ಹೋದ ಮೇಲೆ ಅಷ್ಟು ನಕ್ಕದ್ದು ಅದೇ ಮೊದಲು. ಹುಸೇನಬಿ ಹೊಸ್ತಿಲ ಮೇಲೆ ಕೂತು ಕೌದಿ ಹೊಲಿಯುತ್ತಿದ್ದವಳು, ಸೂಜಿಗೆ ದಾರ ಪೋಣಿಸುತ್ತ, "ನಿನ್ನ ಕೈಗುಣ ಬೇಟಿ, ನಿನ್ನ ಕೈಗುಣ" ಎಂದಳು.

ಟಾಂಗಾದವರಲ್ಲಿ ಒಂದು ಪದ್ಧತಿ ಇತ್ತು. ಹಿಂದೆ ಯಾರೋ ಯಾರದೋ ಕುದುರೆಗೆ ಏನೋ ತಿನ್ನಿಸಿ ಕೆಡಿಸಿದ್ದರಂತೆ. ಅದಕ್ಕೇ ಶರ್ಯತ್ತಿನ ಹಿಂದಿನ ದಿನ ಮೇವು ಹಾಕುವವರು ಪಂಚರ ಮುಂದೆ ಕುದುರೆಯ ಹಣೆಯ ಮೇಲೆ ಕೈಯಿಟ್ಟು, ಇದರ ಹೊಟ್ಟೆ ನನ್ನ ಜಿಮ್ಮಾ, ಅಂದರೆ ನನ್ನ ಹೊಣೆ, ಎಂದು ಹೇಳಬೇಕು. ಆ ವರ್ಷ ಮೌಲಾಬಿ ತಲೆಯ ಮೇಲೆ ಸೆರಗು ಹೊದ್ದು ಬಂದು ಕೈಯಿಟ್ಟಳು. ಪಂಚರ ಹಿರಿಯ ಕಾಸಿಮಸಾಬ, "ಬ್ಯಾರೇದವರು ಏನರೆ ತಿನಸಿದ್ರ?" ಎಂದು ವಾಡಿಕೆಯಂತೆ ಕೇಳಿದ.

ಇಷ್ಟು ವರ್ಷ ಹುಗ್ಗಿ-ಅಂಬಲಿ ಎಂದು ನಕ್ಕ ಓಣಿ ಎದುರಿಗೇ ನಿಂತಿತ್ತು. ಮೌಲಾಬಿಗೆ ಹೆಮ್ಮೆ ತಡೆಯಲಿಲ್ಲ. "ಮಲ್ಲಿಗಿ ನನ್ನ ಕೈ ಬಿಟ್ಟು ಇನ್ನೊಬ್ಬರ ಕೈಲೆ ತಿನ್ನೂದುಲ್ಲ ಚಾಚಾ. ತಿಂದ್ರ ಅದು ನನ್ನ ಕೈಲೇನ ತಿಂದಂಗ" ಎಂದುಬಿಟ್ಟಳು.

ಮರುದಿನ ಬೆಳಗಿನ ನಮಾಜಿನ ಹೊತ್ತಿಗೆ ಎದ್ದು ಕುದುರೆಗೆ ಹುಲ್ಲು ಹಾಕಿದಳು, ಒಂದೇ ಬೊಗಸೆ ಕಲಸಿದ ಮೇವು ಕೊಟ್ಟಳು. ಹುಸೇನಬಿ ಲಾಯದ ಎದುರಿಗೆ ಕೂತು ಜಪಮಣಿ ಎಣಿಸುತ್ತಿದ್ದಳು. ಕಮರುದ್ದೀನ ಗಾಲಿಯ ಅಚ್ಚಿಗೆ ಎಣ್ಣೆ ಹಾಕುತ್ತಿದ್ದ. ಮೌಲಾಬಿ ಕೊಡ ತೆಗೆದುಕೊಂಡು ಬಾವಿಗೆ ಹೋದಳು. ಬಾವಿಯ ಹತ್ತಿರ ಹೆಂಗಸರು ಸುತ್ತುಗಟ್ಟಿದರು, "ಇವತ್ತ ಗೆದ್ರ ನಮಗೂ ಹುಗ್ಗಿ ಹಾಕತಿಯೇನವಾ?" ಎಂದು. ತಿರುಗಿ ಬರುವುದರೊಳಗೆ ಟಾಂಗಾ ಹೊರಟುಹೋಗಿತ್ತು.

ಅವಳು ಸಾವಕ್ಕನ ಜೊತೆ ಉಣಕಲ್ಲಿಗೆ ನಡೆದು ಬಂದಾಗ ಟಾಂಗಾಗಳು ಸಾಲಾಗಿ ನಿಂತಿದ್ದವು. ಮಲ್ಲಿಗೆಯನ್ನು ನೋಡಿದಳು. ಶರ್ಯತ್ತು ಇನ್ನೂ ಶುರುವಾಗಿಲ್ಲ, ಆಗಲೇ ಕುತ್ತಿಗೆಯ ಮೇಲೆ ಬೆವರಿನ ನೊರೆ. ಕಣ್ಣಂಚು ಬೆಳ್ಳಗೆ. ಮುಂಗಾಲಿನಿಂದ ನೆಲ ಕೆದರುತ್ತಿದೆ.

"ಕಮರೂ! ಏನ ತಿಂದೈತಿ ಅದು? ಬಿಚ್ಚು, ಇವತ್ತ ಬ್ಯಾಡ!"

ಕಮರುದ್ದೀನ ಲಗಾಮು ನೋಡುತ್ತ ಕೂತ. ಅವಳ ಕಡೆ ಮುಖ ತಿರುಗಿಸಲಿಲ್ಲ. ಕಾಸಿಮಸಾಬ ರುಮಾಲು ಬೀಸಿದ. ಮಲ್ಲಿಗೆ ಎರಡು ಕಾಲ ಮೇಲೆ ಎದ್ದು ನಿಂತು, ಇಳಿದದ್ದೇ ನಾಗಾಲೋಟ. ನೂರು ಮಾರು ದಾಟುವ ಮೊದಲೇ ಶರ್ಯತ್ತಿನಿಂದ ಹೊರಗೆ. ನಾಲ್ಕು ಮಂದಿ ಅಡ್ಡಗಟ್ಟಿ ಹಿಡಿದು ತಂದರು.

ಮೌಲಾಬಿಯೇ ಕುದುರೆಯ ಬಾಯಿ ಬಿಡಿಸಿ ದವಡೆಯೊಳಗೆ ಬೆರಳು ಹಾಕಿದಳು. ಜಗಿದ ಕಡಲೆಯ ಸಿಪ್ಪೆ, ಬೆಲ್ಲದ ಅಂಟು ಬೆರಳಿಗೆ ಬಂತು. ಅವಳು ಅದನ್ನು ಅಂಗೈಯಲ್ಲಿಟ್ಟು ಗುರುಸಿದ್ದಯ್ಯನವರಿಗೆ ತೋರಿಸಿದಳು. "ಅಯ್ಯಾರ, ಇದು ನಾ ಹಾಕಿದ್ದಲ್ಲ."

ಅಯ್ಯನವರು ಅಂಗೈ ನೋಡಿದರು. "ನಿನ್ನೆ ನೀನ ಹೇಳಿದೆಲ್ಲ, ಮೌಲಾಬಿ. ಇನ್ನೊಬ್ಬರ ಕೈಲೆ ತಿನ್ನೂದುಲ್ಲ ಅಂತ."

"ನನ್ನ ಬಳಿ ಅಲ್ಲಾಡಿಸಿ ಯಾರೋ ತಿನಸ್ಯಾರ. ಬಳಿ ವಿಷಯ ಗೊತ್ತಿದ್ದವರು..." ಎಂದು ಕಮರುದ್ದೀನನ ಕಡೆ ತಿರುಗಿದಳು. ಅವನು ನೆಲ ನೋಡಿದ. "ಅತ್ತಿನ ಕೇಳ್ರಿ. ನಾ ಬಾವಿಗಿ ಹೋದಾಗ ಲಾಯದ ಮುಂದ ಅವರ ಕುಂತಿದ್ರು. ಅವರು ಹೇಳಿದ್ದ ಖರೇ."

ಎಲ್ಲರೂ ಮನೆಗೆ ಬಂದರು. ಹುಸೇನಬಿ ಅದೇ ಜಾಗದಲ್ಲಿ, ಅದೇ ಜಪಮಣಿ ಹಿಡಿದು ಕೂತಿದ್ದಳು. ಕಾಸಿಮಸಾಬ ಕೇಳಿದ. ಮುದುಕಿ ಒಮ್ಮೆ ಮಗನ ಕಡೆ ನೋಡಿದಳು, ಒಮ್ಮೆ ಸೊಸೆಯ ಕಡೆ ನೋಡಿದಳು.

"ನನ್ನ ಕಣ್ಣಿಗೆ ಪೊರಿ ಬಂದೈತಿ ಭಾಯಿ. ನನಗೇನ ಕಾಣತೈತಿ? ಮಣಿ ಎಣಸ್ಕೋತ ಕುಂತಿದ್ದೆ. ಬಳಿ ಸಪ್ಪಳಾ ಕೇಳಿತು. ಎರಡ ಸಲ ಕೇಳಿತು. ಬಳಿ ಸಪ್ಪಳಾ ಅಂದ್ರ ಮೌಲಾ ಅಲ್ಲೇನು?"

ಇಡೀ ಮಾತಿನಲ್ಲಿ ಒಂದು ಸುಳ್ಳು, ಕಣ್ಣಿನದು. ಉಳಿದದ್ದೆಲ್ಲ ಖರೆಯೇ. ಆ ಖರೆಯ ಮುಂದೆ ಮೌಲಾಬಿಯ ಮಾತಿಗೆ ನಿಲ್ಲಲು ಜಾಗವೇ ಉಳಿಯಲಿಲ್ಲ.

ಗುರುಸಿದ್ದಯ್ಯನವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಶಾಬುದ್ದೀನನ ಹೇಣತಿ ಹಿಂಗ ಮಾಡತಾಳ ಅಂತ ತಿಳದಿದ್ದಿಲ್ಲ" ಎಂದು ತಮ್ಮಷ್ಟಕ್ಕೇ ಹೇಳಿಕೊಂಡು, ಕುದುರೆಯನ್ನು ಬಿಚ್ಚಿಸಿಕೊಂಡು ಹೋದರು. ವಾರದೊಳಗೆ ಮಲ್ಲಿಗೆ ಯಾರದೋ ಕೈಗೆ ಮಾರಾಟವಾಗಿ ಮೀರಜ ರೈಲು ಹತ್ತಿತು. ಟಾಂಗಾದವರು ತಮ್ಮ ಕುದುರೆ ಕಟ್ಟಿದ ಕಡೆ ಮೌಲಾಬಿ ಬಂದರೆ ಗೋದಲಿಗೆ ಅಡ್ಡ ನಿಲ್ಲತೊಡಗಿದರು.

ಎಂಟನೆಯ ದಿನ ಮಧ್ಯಾಹ್ನ ಕಮರುದ್ದೀನ ಹೊಸ ಕೋಟು, ಜರಿ ರುಮಾಲು ತೊಟ್ಟು ಬಂದ. ಆ ಸಲ ಶರ್ಯತ್ತು ಗೆದ್ದ ಕುದುರೆ ಧಾರವಾಡದ ಒಬ್ಬ ಕಂತ್ರಾಟುದಾರನದು. ಅವನ ಸಾರೋಟು ಹೊಡೆಯುವ ನೌಕರಿ ಸಿಕ್ಕಿದೆಯಂತೆ, ಇರಲಿಕ್ಕೆ ಹಂಚಿನ ಮನೆಯಂತೆ. ಅವನು ತಾಯಿಯ ಕಾಲು ಮುಟ್ಟಿ, ಅತ್ತಿಗೆಯ ಎದುರು ನಿಲ್ಲಲಾರದೆ ಹಿತ್ತಿಲಿಗೆ ಹೋದ. ಮೌಲಾಬಿ ಅವನನ್ನು ಹಿಂಬಾಲಿಸಲಿಲ್ಲ. ಒಲೆಯ ಮುಂದಿನಿಂದ ಎದ್ದು ಬಂದು ಅತ್ತೆಯ ಎದುರಿಗೆ ಕೂತಳು.

"ನಿಮಗ ಮೊದಲ ಗೊತ್ತಿತ್ತೇನು?"

"ತಿನಸೂ ಮುಂದ ನೋಡಿದೆ. ಒಂದ ಮುಷ್ಟಿ ಕಡಲಿ ಅಮ್ಮಾ, ಏನಾಗತೈತಿ ಅಂದ." ಮುದುಕಿಯ ದನಿ ಸಣ್ಣಗಾಯಿತು. "ಅವನ ಹೆಸರ ಹೇಳಿದ್ರ ಈ ಊರಾಗ ಅವನ ಕೈಯಾಗ ಲಗಾಮ ಕೊಡತಿದ್ರೇನ ಬೇಟಿ? ಇದ್ದಾಂವ ಒಬ್ಬ ಮಗ. ನೀ ಹೆಂಗಸು, ನಿನಗೇನ ಹೋತು? ಹೊಸಾ ಮನ್ಯಾಗ ಮೂರೂ ಮಂದಿ ಇರೂಣು."

"ಅಯ್ಯಾರ ಒಬ್ಬರ ಮುಂದ ಖರೇ ಹೇಳ್ರಿ. ಪಂಚರ ಮುಂದ ಬ್ಯಾಡ. ಅವರೊಬ್ಬರಿಗೆ. ಅಷ್ಟಾದ್ರ ನಾ ಇರತೇನಿ."

ಹುಸೇನಬಿ ಮಣಿ ಎಣಿಸಿದಳು. ಒಂದು, ಎರಡು, ಹತ್ತು. ಆಮೇಲೆ ಸೊಸೆಯ ಹೆಗಲ ಮೇಲಿಂದ ಒಳಗೆ ನೋಡಿ, "ಒಲಿ ಮ್ಯಾಲ ಅನ್ನ ಉಕ್ಕಾಕತ್ತೈತಿ ನೋಡು" ಎಂದಳು.

ಮೌಲಾಬಿ ಎದ್ದು ಹೋಗಿ ಗಡಿಗೆ ಇಳಿಸಿದಳು. ಗಂಜಿ ಬಸಿದಳು. ಮುದುಕಿಗೆ ತಾಟಿನಲ್ಲಿ ಅನ್ನ ಹಾಕಿ, ಕುಡಿಯಲು ನೀರಿಟ್ಟಳು. ತನ್ನ ಎರಡು ಸೀರೆಗಳನ್ನು ಗಂಟು ಕಟ್ಟಿದಳು. ಹಿತ್ತಿಲ ಬಾಗಿಲಲ್ಲಿ ಕಮರುದ್ದೀನ ನಿಂತಿದ್ದ.

"ಭಾಭಿ, ಎಲ್ಲಿಗಿ?"

ಅವಳು ಅವನ ಹೊಸ ಕೋಟನ್ನು ಮೇಲಿಂದ ಕೆಳಗೆ ನೋಡಿದಳು. "ಅಲ್ಲಿ ಕುದರಿಗಿ ಹುಲ್ಲು ಮೊದಲ ಹಾಕು. ಕಾಳು ಆಮ್ಯಾಲ" ಎಂದು, ಮುಂಬಾಗಿಲಿಗೆ ನಡೆದಳು.

ಸಾವಕ್ಕ ತನ್ನ ಕಟ್ಟೆಯ ಮೇಲೆ ಕಾಳು ಆರಿಸುತ್ತಿದ್ದಳು. ಗಂಟು ನೋಡಿ ಮೊರ ಕೆಳಗಿಟ್ಟಳು. ಅವತ್ತು ಅವಳ ಬಾಯಿಗೆ ಯಾವ ಚೇಷ್ಟೆಯೂ ಬರಲಿಲ್ಲ.

"ಯಾ ಊರಿಗಿ ಮೌಲಾಬಿ?"

"ತಾರಿಹಾಳಕ್ಕ. ಅಕ್ಕನ ಮನಿಗೆ."

"ಟಾಂಗಾ ಕರೀಲೇನ?"

"ಬ್ಯಾಡ ಸಾವಕ್ಕಾ. ನಡಕೋತ ಹೋಗತೇನಿ" ಎಂದಳು. ಒಳಗಿನಿಂದ ಹುಸೇನಬಿ ಅವಳ ಹೆಸರು ಹಿಡಿದು ಒಮ್ಮೆ ಕರೆದದ್ದು ಸಾವಕ್ಕನಿಗೂ ಕೇಳಿಸಿತು. ಮೌಲಾಬಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಮನೆಯ ಕಟ್ಟೆ ಇಳಿದಳು.