‘ಅವರಿಗೆ ಆಗೂದಿಲ್ರಿ’ ಅಂದವನು ನಾನು

ಬಸಲಿಂಗಪ್ಪ ಕಾಕಾಗೆ ಕಂಪ್ಯೂಟರ್ ಲೇತ್ ನಡೆಸಲು ಬರುವುದಿಲ್ಲ ಎಂದು ಮಾಲೀಕರ ಮುಂದೆ ಹೇಳಿದವನು ನಾನು. ಅದು ಸುಳ್ಳು. ಹೇಳುವಾಗಲೇ ಗೊತ್ತಿತ್ತು—ಅವರಿಗೆ ನನಗಿಂತ ಚೆನ್ನಾಗಿ ಬರುತ್ತಿತ್ತು.

ಆಟೋ ನಗರದ ಒಂದು ಕಾರ್ಖಾನೆಯಲ್ಲಿ ನಾವಿಬ್ಬರೂ ಲೇತಿನಲ್ಲಿ, ಲೋಹವನ್ನು ತಿರುಗಿಸಿ ಕಡೆಯುವ ಯಂತ್ರದಲ್ಲಿ, ಪಂಪಿನ ಬಿಡಿಭಾಗ ಮಾಡುತ್ತಿದ್ದೆವು. ಕಾಕಾ ನಂದಗಡದಿಂದ ಮೊದಲ ಬಸ್ಸಿಗೆ ಬರುವವರು, ಏಳನೆಯ ಇಯತ್ತೆ ಕಲಿತವರು. ಲೇತಿನ ಸಪ್ಪಳ ಕೇಳಿಯೇ ಉಳಿಯ ಮೊನೆ ಮೊಂಡಾಗಿದೆ ಎನ್ನುತ್ತಿದ್ದರು. ನಾನು ಐಟಿಐ ಮುಗಿಸಿದವನು. ಸರ್ಟಿಫಿಕೇಟು ಗೋಡೆಯ ಮೇಲಿತ್ತು, ತಲೆಯಲ್ಲಿ ಹೆಚ್ಚೇನೂ ಇರಲಿಲ್ಲ.

ಕಂಪ್ಯೂಟರಿನಿಂದ ನಡೆಯುವ ಹೊಸ ಲೇತ್ ಬಂದಾಗ ಎಲ್ಲರೂ ಅಂದುಕೊಂಡದ್ದು ಒಂದೇ—ಇನ್ನು ಹುಡುಗರ ಕಾಲ, ಹಳಬರು ಮನೆಗೆ. ಆದದ್ದು ಬೇರೆ. ಕಲಿಸಲು ಬಂದ ಇಂಜಿನಿಯರ್ ಹಿಂದಿಯಲ್ಲಿ ಹೇಳುತ್ತಿದ್ದರೆ ನಾನು ಸುಮ್ಮನೆ ತಲೆಯಾಡಿಸುತ್ತಿದ್ದೆ, ಕಾಕಾ ವಹಿಯಲ್ಲಿ ಬರೆದುಕೊಳ್ಳುತ್ತಿದ್ದರು. ಯಂತ್ರಕ್ಕೆ ಕೊಡುವ ಒಂದೊಂದು ಇಂಗ್ಲಿಷ್ ಸಂಕೇತದ ಮುಂದೆಯೂ ತಮ್ಮದೇ ಮಾತು: ‘ಓಡು’, ‘ನೆಟ್ಟಗ ಹೋಗು’, ‘ಬಲಕ್ಕ ಹೊಳ್ಳು’, ‘ನಿಂದ್ರು’. ಎತ್ತಿಗೆ ಹೇಳಿದ ಹಾಗೆ! ಒಳಗೊಳಗೇ ನಕ್ಕಿದ್ದೆ. ಆಮೇಲೆ ಒಂದು ದಿನ, ಉಳಿದವರೆಲ್ಲ ಊಟಕ್ಕೆ ಹೋದಾಗ, ತಾವೇ ಸಂಕೇತ ಹಾಕಿ ಪಂಪಿನೊಳಗಿನ ಬಳೆಯಂಥ ಒಂದು ಬುಷ್ ಕಡೆದು ನನಗೆ ತೋರಿಸಿದರು. ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ನನ್ನ ಪೆಚ್ಚು ಮುಖ ನೋಡಿ ವಹಿಯನ್ನೇ ಕೈಗಿಟ್ಟರು.

“ಮನಿಗೆ ಒಯ್ದು ಓದ್ಕೋ ತಮ್ಮಾ. ತಿಳೀಲಿಲ್ಲಂದ್ರ ನನ್ನ ಕೇಳು, ನಾಚ್ಕೋಬ್ಯಾಡ.”

ಖಾಸಬಾಗದ ಬಾಡಿಗೆ ಕೋಣೆಯಲ್ಲಿ ಕೂತು ಮೂರು ದಿನ ಓದಿದೆ. ನಾನು ಕಲಿತದ್ದೆಲ್ಲ ಅದರಿಂದಲೇ. ನಾಲ್ಕನೆಯ ದಿನ ಮಾಲೀಕರು ಕರೆದು, ಆ ಯಂತ್ರಕ್ಕೆ ಒಬ್ಬನೇ ಸಾಕು ಎಂದರು.

“ಬಸಲಿಂಗಪ್ಪಗ ಬರತೈತೇನೋ?”

“ಇಲ್ರಿ ಸಾಹೇಬ್ರ. ಅವರಿಗೆ ಆಗೂದಿಲ್ರಿ.”

ಅಷ್ಟೇ. ಕೆಲಸ ಹೋಗುತ್ತದೆಂಬ ಹೆದರಿಕೆ, ಹೊಸದಾಗಿ ಮದುವೆಯಾಗಿತ್ತು—ಬೇಡ, ಅದೆಲ್ಲ ಬೇಡ. ಉಂಡ ಮನೆಗೆ ಎರಡು ಬಗೆದೆ. ಯಂತ್ರ ನನಗಾಯಿತು. ‘ನಿನಗ ಅದು ಆಗೂದಿಲ್ಲ’ ಎಂದು ಮಾಲೀಕರು ಕಾಕಾ ಅವರನ್ನು ಗೇಟಿಗೆ ಹಾಕಿದರು, ಬಂದುಹೋಗುವ ಲಾರಿಗಳ ನಂಬರು ಬರೆಯಲು. ಅವರು ಎದುರಾಡಲಿಲ್ಲ. “ನಾನಽ ಎಲ್ಲೋ ತಪ್ಪಿರಬೇಕು, ಅದಕ್ಕ ಮಾಲಕರು ಹಂಗ ಮಾಡ್ಯಾರ” ಎಂದು ನನಗೇ ಹೇಳಿದರು.

ಹನ್ನೊಂದು ವರ್ಷ ಸುಮ್ಮನಿದ್ದೆ. ಕಳೆದ ವಾರ ಅವರು ಮೊಮ್ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಅವಳೂ ಈಗ ಐಟಿಐ ಸೇರಿದ್ದಾಳೆ.

“ಆ ಯಂತ್ರ ನನ್ನ ತಲಿಗಿ ಹತ್ತಲಿಲ್ಲ. ಇಕಿಗರ ನೀ ಕಲಿಸು, ತಮ್ಮಾ.”

ಅವರ ಕೆಲಸ ಕಸಿದುಕೊಂಡೆ ಎಂದಷ್ಟೇ ಇಷ್ಟು ದಿನ ತಿಳಿದಿದ್ದೆ—ನನ್ನ ಸುಳ್ಳನ್ನು ಅವರೂ ನಂಬಿಬಿಟ್ಟಿದ್ದರು. ಆಗಲೂ ಬಾಯಿ ಬಿಡಲಿಲ್ಲ. “ಆಗಲಿ ಕಾಕಾ” ಎಂದು ಚಹಾ ಕೊಟ್ಟು ಕಳಿಸಿದೆ.

ಭಾನುವಾರ ನಂದಗಡಕ್ಕೆ ಹೋಗುತ್ತೇನೆ. ಮೊಮ್ಮಗಳ ಎದುರಿಗೇ ಎಲ್ಲವನ್ನೂ ಹೇಳುತ್ತೇನೆ. ಕ್ಷಮಿಸಿ ಎನ್ನಲು ನನಗೆ ಮುಖವಿಲ್ಲ. ಬಾಗಿಲು ಹಾಕಿಕೊಂಡರೆ ಹಾಕಿಕೊಳ್ಳಲಿ. ಆ ಹುಡುಗಿ ಮಾತ್ರ ಅಜ್ಜನ ಹತ್ತಿರವೇ ಕಲಿಯಲಿ.