ಅಣ್ಣನ ಲಾರಿಗೆ ಹಲ್ಲು ಕಟ್ಟಿದ್ದು

ಊರೆಲ್ಲ ಅವನನ್ನು ಹಲ್ಲು ಮೇಸ್ತ್ರಿಯೆಂದೇ ಕರೆಯುತ್ತಿತ್ತು. ಲಾರಿಯ ಅಚ್ಚಿನ ನಡುವೆ, ಕಬ್ಬಿಣದ ಬುರುಡೆಯೊಳಗೆ, ಎಣ್ಣೆಯಲ್ಲಿ ಮುಳುಗಿ ತಿರುಗುವ ಎರಡು ಹಲ್ಲುಚಕ್ರಗಳಿವೆ. ದೊಡ್ಡದು ಕ್ರೌನ್, ಚಿಕ್ಕದು ಪಿನಿಯನ್. ಅವೆರಡನ್ನೂ ಜಗಳವಾಡದಂತೆ ಕೂಡಿಸಿ ಕೊಡುವುದೇ ಅವನ ಕಸುಬು. ಒಮ್ಮೆ ದವಡೆ ಬಾತ ಮುದುಕಿಯೊಬ್ಬಳು ಆ ಹೆಸರನ್ನು ನಂಬಿ ಹುಡುಕಿಕೊಂಡು ಬಂದವಳು, ಶೆಡ್ಡಿನ ಗೋಡೆಗೆ ತೂಗುಹಾಕಿದ್ದ ಇಕ್ಕಳಗಳನ್ನು ಕಂಡು ನೋವನ್ನೇ ಮರೆತು ಓಡಿದಳೆಂದು ಅವನ ಹೆಂಡತಿ ಈಗಲೂ ಹೇಳಿ ನಗುವುದುಂಟು. ಅವನು ಮಾತ್ರ ನಗುವುದನ್ನು ಕಡಿಮೆ ಮಾಡಿದ್ದ. ದೇವರು ಕರುಣಿಸಿದ ಎರಡು ಹೆಗಲುಗಳಲ್ಲಿ ಬಲಗಡೆಯದು, ಅರ್ಧ ಆಯುಷ್ಯವೆಲ್ಲ ಲಾರಿಗಳ ಕೆಳಗೆ ಅಂಗಾತ ಮಲಗಿ ಭಾರ ಹೊತ್ತು, ಇನ್ನು ಸಾಕೆಂದು ಪ್ರತಿ ಮುಂಜಾನೆಯೂ ಅವನಿಗೆ ಸ್ಪಷ್ಟವಾಗಿ ತಿಳಿಸುತ್ತಿತ್ತು. ಅಂಗಿಯ ತೋಳಿಗೆ ಕೈ ತೂರಿಸುವುದೇ ಒಂದು ಕೆಲಸವಾಗಿತ್ತು.

ಅವನದೊಂದು ಪದ್ಧತಿಯಿತ್ತು. ಯಾವ ಲಾರಿಯೇ ಬರಲಿ, ಹಲ್ಲು ಬದಲಿಸುವ ಮುನ್ನ ಒಂದು ಹಗಲು ಅದರ ಎಡಗಡೆಯ ಸೀಟಿನಲ್ಲಿ ಕುಳಿತು, ಲಾರಿ ಹೋದಲ್ಲೆಲ್ಲ ಹೋಗಿ ಬರುತ್ತಿದ್ದ. ಬಾಯಿ ತೆರೆಯುತ್ತಿರಲಿಲ್ಲ. ಚಾಲಕನ ಕೈ ಗೇರಿನ ಕೋಲನ್ನು ಎಲ್ಲಿ ಎಳೆಯುತ್ತದೆ, ಎಲ್ಲಿ ಹಿಂಜರಿಯುತ್ತದೆ ಎಂಬುದನ್ನಷ್ಟೇ ನೋಡುತ್ತಿದ್ದ. ಏಕೆಂದರೆ, ನಿನ್ನ ಲಾರಿ ಎಲ್ಲೆಲ್ಲಿ ಓಡುತ್ತದೆ ಎಂದು ಕೇಳಿದರೆ ಯಾವ ಚಾಲಕನೂ ದಿನನಿತ್ಯದ ದಾರಿಯನ್ನು ಹೇಳುವುದಿಲ್ಲ. ತನ್ನ ಬಾಳಿನ ಅತ್ಯುತ್ತಮ ಪ್ರಯಾಣವನ್ನು ಹೇಳುತ್ತಾನೆ.

ಹೀಗಿರಲು ಒಂದು ದಿನ ಅವನ ಅಣ್ಣನೇ ಲಾರಿ ತಂದು ಶೆಡ್ಡಿನ ಮುಂದೆ ನಿಲ್ಲಿಸಿದ. ಹಿಂದೆ ಹೆದ್ದಾರಿಯಲ್ಲಿ ಅವನನ್ನು ದಾಟುವವರಿರಲಿಲ್ಲವಾಗಿ ಅವನಿಗೆ ಬಿರುಗಾಳಿಯೆಂಬ ಹೆಸರು ಬಿದ್ದಿತ್ತು. ಈಗ ಬೆಟ್ಟದ ನೆತ್ತಿಯಲ್ಲಿರುವ ಪ್ರಸಾರ ಗೋಪುರಕ್ಕೆ ನೀರನ್ನೂ ಜನರೇಟರಿನ ಡೀಸೆಲನ್ನೂ ಸಾಗಿಸುತ್ತಿದ್ದ. ಮಳೆಗೆ ದಾರಿಯ ಮಣ್ಣು ಕೊಚ್ಚಿಹೋಗಿ ಬಂಡೆಗಳು ಮೇಲೆದ್ದು ಲಾರಿಯ ಹೊಟ್ಟೆಗೆ ತಾಗತೊಡಗಿದ್ದರಿಂದ, ಲಾರಿಯನ್ನು ಎತ್ತರಿಸಿ ದೊಡ್ಡ ಟೈರುಗಳನ್ನು ಹಾಕಿಸಿದ್ದ.

"ಏನಣ್ಣ, ಲಾರಿಗೆ ಎತ್ತರದ ಚಪ್ಪಲಿ ಹಾಕಿಸಿದ್ದೀಯ! ಮದುವೆಗೆ ಹೊರಟಿದೆಯಾ?"

"ನಗು, ನಗು. ಬೆಟ್ಟ ಹತ್ತೋಕೇ ಒಪ್ತಿಲ್ಲ ಕಣೋ. ಎರಡನೇ ಗೇರಿಗೆ ಹಾಕಿದರೆ ತಾನು ಅಳುತ್ತೆ, ಒಂದನೇದಕ್ಕೆ ಹಾಕಿದರೆ ನನ್ನನ್ನ ಅಳಿಸುತ್ತೆ. ಅರ್ಧ ಟ್ಯಾಂಕ್ ನೀರು ಹೊತ್ತುಕೊಂಡು ಹೋಗ್ತಿದ್ದೀನಿ. ಗೋಪುರದ ಮೇಲ್ವಿಚಾರಕ ಹೇಳಿಬಿಟ್ಟಿದ್ದಾನೆ, ಮುಂದಿನ ತಿಂಗಳಿಂದ ತುಂಬಿದ ಟ್ಯಾಂಕ್ ಬಂದರೆ ಸರಿ, ಇಲ್ಲದಿದ್ದರೆ ಬೇರೆ ಲಾರಿ ನೋಡ್ತೀನಿ ಅಂತ."

ಅದರ ಕಾರಣ ಮೇಸ್ತ್ರಿಗೆ ಹೊಸದಲ್ಲ. ಹಳೆಯ ಜೋಡಿಯಲ್ಲಿ ಪಿನಿಯನ್ ನಾಲ್ಕು ಸುತ್ತಿಗಿಂತ ತುಸು ಹೆಚ್ಚು ತಿರುಗಿದರೆ ಚಕ್ರ ಒಂದು ಸುತ್ತು ತಿರುಗುತ್ತಿತ್ತು. ಟೈರು ದೊಡ್ಡದಾದೊಡನೆ ಆ ಒಂದೇ ಸುತ್ತಿನಲ್ಲಿ ಲಾರಿ ಹೆಚ್ಚು ನೆಲವನ್ನು ನುಂಗಬೇಕಾಯಿತು. ಎಂಜಿನ್ನಿನ ಬಲ ಮಾತ್ರ ಹಿಂದಿನಷ್ಟೇ ಉಳಿಯಿತು. ಆದುದರಿಂದ ಪಿನಿಯನ್ ಇನ್ನೂ ಹೆಚ್ಚು ಸುತ್ತುವ ಜೋಡಿ ಬೇಕು. ಅಂಥವು ಎರಡಿದ್ದವು: ನಾಲ್ಕೂವರೆ ಸುತ್ತಿನದು ಒಂದು, ಹೆಚ್ಚುಕಡಿಮೆ ಐದು ಸುತ್ತಿನದು ಇನ್ನೊಂದು.

"ಐದರ ಜೋಡಿ ಹಾಕ್ತೀನಿ" ಎಂದ ಮೇಸ್ತ್ರಿ. "ಬೆಟ್ಟಕ್ಕೆ ಅದೇ ಸರಿ. ಆದರೆ ಹೆದ್ದಾರಿಯಲ್ಲಿ ವೇಗ ಸಿಗಲ್ಲ. ಎಂಜಿನ್ ಕಿರುಚಿ ಕಿರುಚಿ ತಲೆ ತಿನ್ನುತ್ತೆ."

"ಹೆದ್ದಾರಿ ಬಿಟ್ಟು ನಾನು ಯಾವ ಸೀಮೆ ಡ್ರೈವರೋ? ವಾರವಾರ ದೂರದ ಲೋಡ್ ಇರುತ್ತೆ. ಸೈಕಲ್ಲಿನವರೆಲ್ಲ ನನ್ನ ದಾಟಿ ಹೋಗಬೇಕಾ? ನಾಲ್ಕೂವರೆ ಹಾಕು. ಎರಡೂ ಕಡೆ ನಡೆಯುತ್ತೆ."

ಬೇರೆ ಯಾರಾದರೂ ಹೀಗೆಂದಿದ್ದರೆ ಮೇಸ್ತ್ರಿ ಮಾತಿಲ್ಲದೆ ಎಡಗಡೆಯ ಸೀಟು ಹತ್ತುತ್ತಿದ್ದ. ಆದರೆ ಇವನು ಅಣ್ಣ. ಲಾರಿಯ ವಾಸನೆಯನ್ನೇ ಮೊದಲು ತೋರಿಸಿಕೊಟ್ಟವನು. ಒಡಹುಟ್ಟಿದವನ ದಾರಿಯನ್ನು ಕುಳಿತು ಪರೀಕ್ಷಿಸುವುದೇ? ಅದೂ ಅಲ್ಲದೆ ಹೆಗಲು ನೋಯುತ್ತಿತ್ತು. ವಾದಕ್ಕೂ ಶಕ್ತಿ ಬೇಕಲ್ಲವೇ. ಆಗಲಿ ಎಂದುಬಿಟ್ಟ.

ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹೋಗುವ ಲಾರಿಯಾದ್ದರಿಂದ ಮುಂದಿನ ಅಚ್ಚಿನಲ್ಲೂ ಇಂಥದೇ ಜೋಡಿಯಿತ್ತು. ಹಿಂದಿನ ಅಚ್ಚನ್ನು ಮೊದಲು ಬಿಚ್ಚಿದ. ಹೊಸ ಜೋಡಿಯನ್ನು ಕೂರಿಸಿ, ಹಲ್ಲುಗಳಿಗೆ ಹಳದಿ ಬಣ್ಣ ಸವರಿ, ಕೈಯಿಂದ ತಿರುಗಿಸಿ, ಬಣ್ಣ ಅಳಿಸಿದ ಗುರುತು ಹಲ್ಲಿನ ನಡುಮಧ್ಯದಲ್ಲಿ ಮೂಡುತ್ತದೆಯೇ ಎಂದು ನೋಡಿದ. ಅಂಚಿಗೆ ಸರಿದಿತ್ತು. ಮತ್ತೆ ಬಿಚ್ಚಿ, ಕಾಗದದಷ್ಟು ತೆಳುವಾದ ತಗಡೊಂದನ್ನು ಪಿನಿಯನ್ನಿನ ಹಿಂದೆ ಇಟ್ಟು, ಮತ್ತೆ ಕೂರಿಸಿದ. ಹೀಗೆ ಬಿಚ್ಚಿ ಕೂರಿಸಿ, ಕೂರಿಸಿ ಬಿಚ್ಚಿ, ಕೊನೆಗೆ ಗುರುತು ಇರಬೇಕಾದೆಡೆ ನಿಂತಾಗ ಅವನಿಗೆ ಸಂತೋಷವಾಗಲಿಲ್ಲ. ಮುಗಿಯಿತಲ್ಲ ಎನಿಸಿತು, ಅಷ್ಟೆ. ಮುಂದಿನ ಅಚ್ಚಿನ ಬೇರಿಂಗುಗಳು ಅಂಗಡಿಯಿಂದ ಬರುವುದು ತಡವಾಯಿತು. ಗೋಪುರದಲ್ಲಿ ನೀರು ಮುಗಿಯಿತೆಂದು ಅಣ್ಣ ಅವಸರಪಡಿಸಿದ.

"ಮುಂದಿನ ಚಕ್ರಕ್ಕೆ ಬಲ ಕೊಡದೆ, ಬರೀ ಹಿಂದಿನದರಲ್ಲಿ ಓಡಿಸಿಕೊಂಡು ಬರ್ತೀನಿ" ಎಂದ.

ಊಟಕ್ಕೆ ಕುಳಿತಾಗ ಹೆಂಡತಿ ಕೇಳಿದಳು: "ಅಲ್ಲಾ ರೀ, ಗುರುತಿಲ್ಲದವರ ಲಾರೀಲೆಲ್ಲ ದಿನವಿಡೀ ಕೂತು ಬರ್ತೀರಿ. ಭಾವನವರ ಲಾರಿ ಏನು ಪಾಪ ಮಾಡಿತ್ತು?"

"ಅಣ್ಣ ಸುಳ್ಳು ಹೇಳ್ತಾನಾ?"

"ಸುಳ್ಳು ಅಂತ ಯಾರಂದರು? ಗಂಡಸರು ತಮ್ಮ ಬಗ್ಗೆ ತಾವೇ ಹೇಳಿದ್ದನ್ನ ನಂಬಬಾರದು ಅಂತ ನೀವೇ ಅಲ್ವಾ ಹೇಳೋದು?"

ಮೇಸ್ತ್ರಿ ತುತ್ತು ನುಂಗಿ ಕೈ ತೊಳೆಯಲು ಎದ್ದ. ಮರುದಿನ ಅಣ್ಣನ ಲಾರಿಯ ಎಡಗಡೆಯ ಸೀಟು ಹತ್ತಿದ. "ನೀನು ಮರೆತು ಮುಂದಿನ ಚಕ್ರದ ಕೋಲು ಎಳೆದುಬಿಟ್ಟರೆ ಕಷ್ಟ, ಅದಕ್ಕೇ ಬಂದೆ" ಎಂದು ನೆಪ ಹೇಳಿದ. ನೆಪವಾದರೂ ಅದರಲ್ಲಿ ಸತ್ಯವಿತ್ತು.

ದಾರಿ ಗುಂಡಿಗಳಿಂದ ತುಂಬಿತ್ತು. ಅಣ್ಣನ ಕೈ ಮೂರನೆಯ ಗೇರಿನಾಚೆಗೆ ಹೋಗಲಿಲ್ಲ. ಹೆದ್ದಾರಿ ಕೂಡುವಲ್ಲಿ ಚಹಾದಂಗಡಿಯವನು ಇವರನ್ನು ಕಂಡು ಕೈಯೆತ್ತಿ, "ಏನು ಬಿರುಗಾಳಿ, ಈ ಕಡೆ ಬೀಸೋದನ್ನೇ ಬಿಟ್ಟೆಯಲ್ಲ! ಮುಖ ನೋಡಿ ವರ್ಷ ಆಯ್ತು!" ಎಂದು ಕೂಗಿದ. ಅಣ್ಣ ಕೇಳಿಸದವನಂತೆ ಬೆಟ್ಟದ ಕಡೆಗೆ ಚಕ್ರ ತಿರುಗಿಸಿದ. ಮೇಸ್ತ್ರಿ ಪದ್ಧತಿಯಂತೆ ಬಾಯಿ ತೆರೆಯಲಿಲ್ಲ.

ಕಡೆಯ ತಿರುವಿನಲ್ಲಿ ಲಾರಿ ನಿಂತಿತು. ಮುಕ್ಕಾಲು ಟ್ಯಾಂಕಿನ ಭಾರಕ್ಕೇ, ಒಂದನೆಯ ಗೇರಿನಲ್ಲಿಯೇ, ಎಂಜಿನ್ ಕೆಮ್ಮಿ, ನಡುಗಿ, ಉಸಿರು ಕಳೆದುಕೊಂಡಿತು. ಕ್ಲಚ್ಚಿನ ಸುಟ್ಟ ವಾಸನೆ ಮೂಗಿಗಡರಿತು. ಅಣ್ಣನ ಕೈ ಮುಂದಿನ ಚಕ್ರಗಳ ಕೋಲಿನತ್ತ ಸರಿಯಿತು. ಮೇಸ್ತ್ರಿ ಅದರ ಮೇಲೆ ತನ್ನ ಕೈ ಇಟ್ಟ.

"ಮುಟ್ಟಬೇಡ. ಹಿಂದಿಂದು ಒಂದು ಲೆಕ್ಕ, ಮುಂದಿಂದು ಹಳೇ ಲೆಕ್ಕ. ಎರಡೂ ಎಳೆದಾಡಿ ನಡುವೆ ಮುರಿದು ಹಾಕುತ್ತೆ."

ಇಬ್ಬರೂ ಇಳಿದು ಚಕ್ರಗಳ ಹಿಂದೆ ಕಲ್ಲುಗಳನ್ನು ಒಡ್ಡಿದರು.

"ಮುಂದಿನ ಚಕ್ರಾನೂ ಸೇರಿದ್ದರೆ ಹತ್ತೋದು" ಎಂದ ಅಣ್ಣ.

"ಚಕ್ರ ಜಾರಿದ್ದರೆ ಹಾಗನ್ನಬಹುದಿತ್ತು. ಚಕ್ರ ಜಾರಲಿಲ್ಲ ಅಣ್ಣ, ಎಂಜಿನ್ನೇ ಸೋತು ನಿಂತಿತು. ತುಂಬಿದ ಟ್ಯಾಂಕಿಗೆ ಈ ಜೋಡಿ ಆಗಲ್ಲ." ಕಲ್ಲೊಂದನ್ನು ಕಾಲಿನಿಂದ ಒತ್ತಿ ಭದ್ರಪಡಿಸುತ್ತ ಕೇಳಿದ: "ದೂರದ ಲೋಡ್ ಹೋಗಿ ಎಷ್ಟು ದಿನವಾಯ್ತು?"

ಅಣ್ಣ ಬಂಡೆಯೊಂದರ ಮೇಲೆ ಕುಳಿತು, ಕೈಯ ಮಸಿಯನ್ನು ಒರೆಸಿದಲ್ಲೇ ಒರೆಸಿದ. ಕೆಳಗೆ ಬಯಲಿನಲ್ಲಿ ಹೆದ್ದಾರಿ ದಾರದಂತೆ ಬಿದ್ದಿತ್ತು. ಅತ್ತ ಅವನು ನೋಡಲಿಲ್ಲ.

"ಕತ್ತಲಾದ ಮೇಲೆ ಎದುರಿಂದ ದೀಪ ಬಂದರೆ ಒಂದು ರಸ್ತೆ ಎರಡಾಗುತ್ತೆ ಕಣೋ. ನನ್ನದು ಯಾವುದು ಅಂತಾನೇ ತಿಳಿಯಲ್ಲ. ಒಂದು ಸಲ ಪಕ್ಕಕ್ಕೆ ನಿಲ್ಲಿಸಿ, ಬೆಳಗಾಗೋವರೆಗೆ ಕೂತಿದ್ದು ಬಂದೆ. ಆಮೇಲೆ ಹೋಗಿಲ್ಲ. ಹಗಲಲ್ಲಿ ಚೆನ್ನಾಗೇ ಕಾಣುತ್ತೆ. ಈ ಬೆಟ್ಟ ಒಂದೇ ಈಗ ಉಳಿದಿರೋದು."

"ಅತ್ತಿಗೆಗೆ ಗೊತ್ತಾ?"

"ಗೊತ್ತಾದರೆ ಇದನ್ನೂ ಬಿಡಿಸಿ ಮನೇಲಿ ಕೂರಿಸ್ತಾಳೆ."

"ಕಣ್ಣಿನ ಡಾಕ್ಟರಿಗೆ ತೋರಿಸು. ನಾಳೆಯೇ. ಇಲ್ಲದಿದ್ದರೆ ನಾನೇ ಅತ್ತಿಗೆಗೆ ಹೇಳ್ತೀನಿ."

"ಚಾಡಿ ಹೇಳೋ ಬುದ್ಧಿ ಚಿಕ್ಕಂದಿನಿಂದ ಹೋಗಲಿಲ್ಲ ನಿನಗೆ" ಎಂದು ಅಣ್ಣ ಗೊಣಗಿದ, ಒಲ್ಲೆನೆನ್ನಲಿಲ್ಲ.

ಮೇಸ್ತ್ರಿಗೆ ಸಿಟ್ಟು ಬರಬೇಕಿತ್ತು. ಅಷ್ಟು ಪಾಡುಪಟ್ಟು ನಡುಮಧ್ಯಕ್ಕೆ ತಂದ ಆ ಹಳದಿ ಗುರುತನ್ನು ಮತ್ತೆ ಬಿಚ್ಚಿ ಎಸೆಯಬೇಕು. ಹಿಂದಿನದನ್ನೂ ಮುಂದಿನದನ್ನೂ ಮೊದಲಿಂದ ಕಟ್ಟಬೇಕು. ಆ ಯೋಚನೆಯಿಂದಲೇ ಹೆಗಲು ಮಿಡಿಯಿತು. ಆದರೆ ಸಿಟ್ಟಿಗೂ ಬಲ ಬೇಕು. ಅದು ಅವನಲ್ಲಿ ಉಳಿದಿರಲಿಲ್ಲ. ತಾನೂ ತನ್ನ ಪದ್ಧತಿಯನ್ನು ಬಿಟ್ಟವನೇ ತಾನೆ? ಎಲ್ಲರ ಬಾಯನ್ನೂ ಸಂಶಯಿಸಿದವನು ಅಣ್ಣನ ಬಾಯನ್ನು ನಂಬಿದ್ದು ಪ್ರೀತಿಯಿಂದಲೋ ಆಲಸ್ಯದಿಂದಲೋ, ಅಂತರ್ಯಾಮಿಯಾದ ಭಗವಂತನೇ ಬಲ್ಲ.

"ಯಾವುದು ಹಾಕಲಿ, ನೀನೇ ಹೇಳು" ಎಂದು ಕೇಳಿದ.

ಅಣ್ಣ ಬಂಡೆಯಿಂದ ಎದ್ದ. "ಐದರದು ಹಾಕು."

"ಹೆದ್ದಾರಿಯಲ್ಲಿ ಕಿರುಚುತ್ತೆ."

"ಕಿರುಚಲಿ ಬಿಡು. ಕೇಳೋಕೆ ನಾನಲ್ಲಿ ಇರಲ್ಲವಲ್ಲ."

ನೀರನ್ನು ಅಲ್ಲಿಯೇ ಪೊದೆಗಳಿಗೆ ಬಿಟ್ಟು, ಲಾರಿಯನ್ನು ಹಿಮ್ಮುಖವಾಗಿ ಇಳಿಸಿಕೊಂಡು ಬಂದರು. ಮುಂದಿನ ಅಚ್ಚಿಗೆಂದು ತಂದು ಇನ್ನೂ ಪೊಟ್ಟಣ ಬಿಚ್ಚದಿದ್ದ ಜೋಡಿಯನ್ನು ಅಂಗಡಿಯವನು ಮುಖ ಸಿಂಡರಿಸಿಕೊಂಡು ಬದಲಾಯಿಸಿಕೊಟ್ಟ. ಹಿಂದಿನ ಅಚ್ಚಿನಿಂದ ಬಿಚ್ಚಿದ್ದು ಶೆಡ್ಡಿನ ಮೂಲೆಯಲ್ಲಿ ಕುಳಿತಿತು. ಕೆಲಸ ನಿಧಾನವಾಗಿ ಸಾಗಿತು. ಕ್ರೌನಿನ ಭಾರವನ್ನು ಮೇಲೆತ್ತುವಾಗ ಅಣ್ಣ ಕೆಳಗೆ ತೂರಿ, ಬಲಗಡೆಗೆ ತನ್ನ ಹೆಗಲು ಕೊಟ್ಟ.

"ಎಷ್ಟು ಸಲ ಬಿಚ್ಚುತ್ತೀಯೋ ಮಾರಾಯ? ಸರಿಯಾಗೇ ಇದೆಯಲ್ಲ" ಎಂದು ಬಣ್ಣದ ಗುರುತನ್ನು ನೋಡಿ ಗೊಣಗಿದ.

"ನಿನ್ನ ಕಣ್ಣಿಗೆ ಎಲ್ಲಾ ಸರಿಯಾಗೇ ಕಾಣುತ್ತೆ."

ಒಂದು ಕ್ಷಣ ಇಬ್ಬರೂ ಬೆಚ್ಚಿದರು. ಬಳಿಕ ಅಣ್ಣನೇ ಮೊದಲು ನಕ್ಕ. ಡಾಕ್ಟರು ಪೊರೆ ಬೆಳೆದಿದೆ, ತೆಗೆಯಬಹುದು, ಅಲ್ಲಿಯವರೆಗೆ ಹಗಲಲ್ಲಿ ಮಾತ್ರ ಓಡಿಸು ಎಂದಿದ್ದರು. ಅದನ್ನು ಹೆಂಡತಿಗೂ ಹೇಳಿ, ಒಂದು ಹೊತ್ತಿನ ಬೈಗುಳ ತಿಂದು ಬಂದಿದ್ದ.

ಎರಡು ಅಚ್ಚುಗಳೂ ಮುಗಿದ ಮೇಲೆ ಟ್ಯಾಂಕನ್ನು ಕಂಠಮಟ್ಟ ತುಂಬಿಸಿ ಹೊರಟರು. ಬೆಟ್ಟದ ಬುಡದಲ್ಲಿ ಅಣ್ಣ ಮುಂದಿನ ಚಕ್ರಗಳ ಕೋಲನ್ನು ಎಳೆದ. ಲಾರಿ ತಲೆ ತಗ್ಗಿಸಿ, ಒಂದನೆಯ ಗೇರಿನಲ್ಲಿ, ಏರಿಗೆ ಬಾಯಿ ಹಾಕಿತು. ಬುರುಡೆಯೊಳಗೆ ಅಪಸ್ವರ ಕೇಳುವುದೋ ಎಂದು ಮೇಸ್ತ್ರಿ ಕಿವಿಗೊಟ್ಟು ಕುಳಿತ. ಒಂದೇ ಸಮನೆಯ ಗುಂಯ್‌ಗುಡುವಿಕೆಯ ಹೊರತು ಏನೂ ಕೇಳಿಸಲಿಲ್ಲ. ಮೊದಲ ತಿರುವು ಕಳೆಯಿತು, ಎರಡನೆಯದೂ ಕಳೆಯಿತು.

"ಏ ತಮ್ಮ, ಇಳಿಯೋ" ಎಂದು ಯಾರೋ ಅಲುಗಿಸಿದರು. ಕಣ್ಣು ಬಿಟ್ಟರೆ ಎದುರಿಗೆ ಗೋಪುರದ ಕಬ್ಬಿಣದ ಕಾಲುಗಳು. ಕೊಳವೆಯಿಂದ ತೊಟ್ಟಿಗೆ ನೀರು ಬೀಳುವ ಸದ್ದು.

"ಕಡೇ ತಿರುವಿನಲ್ಲಿ ಏನಾಯ್ತು?" ಎಂದು ಗಾಬರಿಯಿಂದ ಕೇಳಿದ.

"ಏನಾಗಬೇಕಿತ್ತು? ಗೊರಕೆ ಹೊಡೀತಿದ್ದೆ" ಎಂದ ಅಣ್ಣ. "ಎಬ್ಬಿಸೋ ಅಂಥದ್ದು ಏನೂ ಆಗಲಿಲ್ಲ."